ಆರನೇ ಪುಟದಿಂದ ಶುರು ಮಾಡಿ

ಪತ್ರ: ‘ವ್ಯಾಪಾರಕ್ಕೆ ಗಡಿ ತೆರೆದರೆ ಎಲ್ಲರಿಗೂ ಲಾಭ ಅನ್ನುವ ಆ ಅರ್ಥಶಾಸ್ತ್ರದ ಪುಸ್ತಕವನ್ನು ನಮ್ಮೂರಲ್ಲೂ ಜನ ಹೊಗಳುತ್ತಿದ್ದಾರೆ. ನಾನು ಹನ್ನೊಂದು ಪುಟದ ಪ್ರತಿಕ್ರಿಯೆ ಬರೆದೆ. ನೀವು ವಾಪಸ್ ಕಳಿಸಿದಿರಿ. ಅರ್ಥಶಾಸ್ತ್ರ ಓದದವರು ಟೀಕೆ ಮಾಡಬಾರದೇ?’ - ಓದುಗ, ಚಳ್ಳಕೆರೆ

ಆತ್ಮೀಯರೇ,

ಖಂಡಿತ ಮಾಡಬಹುದು. ಡಿಗ್ರಿ ಇಲ್ಲ ಅಂತ ನಾನು ವಾಪಸ್ ಕಳಿಸಲಿಲ್ಲ. ಮೊದಲ ಐದು ಪುಟದಲ್ಲಿ ನೀವು ಪುಸ್ತಕದ ಮಾತೇ ಎತ್ತಿಲ್ಲ, ಬರೆದವರ ಜೊತೆ ಜಗಳ ಆಡಿದ್ದೀರಿ. ವಿದೇಶದಲ್ಲಿ ಕೂತವರು, ಹಸಿವು ಗೊತ್ತಿಲ್ಲದವರು ಅಂತ. ಅದೆಲ್ಲ ನಿಜವೇ ಇರಲಿ, ಅದರಿಂದ ಅವರ ವಾದ ಸುಳ್ಳಾಗುವುದಿಲ್ಲ ಅಲ್ವಾ?

ಮೊದಲು ಅವರ ವಾದವನ್ನು, ಅವರೇ ಓದಿದರೂ ‘ಹೌದು, ನಾನು ಹೇಳಿದ್ದು ಇದೇ’ ಅನ್ನುವ ಹಾಗೆ ಬರೆಯಿರಿ. ಅದರ ಬೇರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಲೆಕ್ಕದಲ್ಲಿದೆ. ಇಷ್ಟು ಬಟ್ಟೆ ತಯಾರಿಸಲು ಇಂಗ್ಲೆಂಡಿಗೆ 100 ಜನ ಬೇಕು, ಪೋರ್ಚುಗಲ್ಲಿಗೆ 90. ಇಷ್ಟು ವೈನಿಗೆ ಇಂಗ್ಲೆಂಡಿಗೆ 120, ಪೋರ್ಚುಗಲ್ಲಿಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಆದರೂ ಅದು ವೈನ್ ಕೊಟ್ಟು ಬಟ್ಟೆ ತಗೊಂಡರೆ 90 ಜನರ ಕೆಲಸ 80 ಜನರಲ್ಲಿ ಮುಗಿಯುತ್ತದೆ. ಇಂಗ್ಲೆಂಡಿಗೆ 120 ಜನರದ್ದು 100ರಲ್ಲಿ. ಲೆಕ್ಕ ಸರಿಯಾಗೇ ಇದೆ. ನೀವು ಅದನ್ನು ‘ಬರೀ ಮೋಸ’ ಅಂದಿದ್ದೀರಿ. ಕೂಡಿ ಕಳೆದು ನೋಡಿದ ಓದುಗ ಅಲ್ಲಿಂದ ಮುಂದೆ ನಿಮ್ಮನ್ನು ನಂಬುವುದಿಲ್ಲ.

ಹಾಗಾದರೆ ಎಡವಟ್ಟು ಎಲ್ಲಿದೆ? ಬಟ್ಟೆ ಕೆಲಸ ಬಿಟ್ಟವರು ಮಾರನೇ ದಿನವೇ ದ್ರಾಕ್ಷಿ ತೋಟದಲ್ಲಿ ನಿಂತರು ಅಂತ ಆ ಲೆಕ್ಕ ಸುಮ್ನೆ ಅಂದುಕೊಂಡಿದೆ. ಇದಕ್ಕೆ ಉತ್ತರ ನಿಮ್ಮ ಆರನೇ ಪುಟದಲ್ಲಿದೆ. ನಿಮ್ಮ ತಂದೆ ಎಣ್ಣೆ ಮಿಲ್ಲಿನಲ್ಲಿ ಹಮಾಲಿ. ಶೇಂಗಾ ಚೀಲ ಹೊತ್ತು ಹೊತ್ತು ಬಲ ಹೆಗಲು ಗಂಟು ಕಟ್ಟಿತ್ತು. ರಾತ್ರಿ ಬನಿಯನ್ನಿನಿಂದ ಹಿಂಡಿ ವಾಸನೆ ಬರುತ್ತಿತ್ತು. ಮಿಲ್ ನಿಂತ ಮೇಲೂ ಎರಡು ವರ್ಷ, ದಿನಾ ಬೆಳಿಗ್ಗೆ ಆ ಗೇಟಿನ ತನಕ ಹೋಗಿ ಬರುತ್ತಿದ್ದರು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಹಾಳೆ ಕೆಳಗಿಟ್ಟು ಕೂತೆ.

ಇದರ ಪಕ್ಕದಲ್ಲಿ ಇಸವಿಗಳನ್ನು ಇಡಿ. ದೇಶದಲ್ಲೇ ಎಣ್ಣೆಕಾಳು ಹೆಚ್ಚು ಬೆಳೆಸಲು ಕೇಂದ್ರ ಸರ್ಕಾರದ ಎಣ್ಣೆಬೀಜದ ಮಿಷನ್ 1986ರಲ್ಲಿ ಶುರುವಾಯಿತು. 90ರ ದಶಕದ ಆರಂಭದಲ್ಲಿ ಅಡುಗೆ ಎಣ್ಣೆಯಲ್ಲಿ ದೇಶ ಹೆಚ್ಚೂ ಕಮ್ಮಿ ತನ್ನ ಕಾಲ ಮೇಲೆ ನಿಂತಿತ್ತು. 1994ರಲ್ಲಿ ಪಾಮೋಲಿನ್, ಅಂದರೆ ತಾಳೆ ಎಣ್ಣೆ, ಹೊರದೇಶದಿಂದ ತರಿಸಲು ಖಾಸಗಿಯವರಿಗೆ ಬಿಟ್ಟರು. ಆಗ ಆಮದು ಸುಂಕ ಶೇ 65. 1998ರ ಹೊತ್ತಿಗೆ ಶೇ 15.

ನಿಮಗೆ ಎದುರಾಗುವ ಮಾತನ್ನೂ ನೀವೇ ಬರೆಯಿರಿ. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷಗಳಿಗೂ ಮಿಲ್ಲುಗಳು ನಿಂತದ್ದರಲ್ಲಿ ಪಾಲಿದೆ. ಎಣ್ಣೆ ಅಗ್ಗವಾದದ್ದರಿಂದ ಬದುಕಿದವರೂ ಇದ್ದಾರೆ. ಇಲ್ಲಿ ದಾವಣಗೆರೆಯಲ್ಲಿ ನಮ್ಮ ಆಫೀಸಿನ ಕೆಳಗೆ ಮಂಡಕ್ಕಿ-ಮಿರ್ಚಿ ಮಾರುವ ಅಕ್ಕನನ್ನು ಕೇಳಿದೆ. ‘ಶೇಂಗಾ ಎಣ್ಣೇಲಿ ಕರಿದ್ರೆ ಈ ರೇಟಿಗೆ ಕೊಡೋಕಾಗಲ್ಲ ಸಾರ್’ ಅಂದರು. ಅವರಿಗೆ ಬಂದ ಲಾಭ ಸುಳ್ಳಲ್ಲ. ಆದರೆ ಅದರಲ್ಲಿ ಒಂದು ಪೈಸೆಯೂ ನಿಮ್ಮ ತಂದೆಯ ಕೈ ಸೇರಲಿಲ್ಲ. ಪುಸ್ತಕ ಹಾರಿಸಿಬಿಟ್ಟಿರುವುದು ಇದನ್ನೇ.

ರಿಕಾರ್ಡೊ ಹಾರಿಸಲಿಲ್ಲ. 1821ರಲ್ಲಿ ತಮ್ಮ ಗ್ರಂಥದ ಮೂರನೇ ಆವೃತ್ತಿಗೆ ಯಂತ್ರಗಳ ಬಗ್ಗೆ ಹೊಸ ಅಧ್ಯಾಯ ಸೇರಿಸಿದರು. ಯಂತ್ರ ಬಂದರೆ ಕೂಲಿಯವರಿಗೂ ಒಳ್ಳೆಯದೇ ಅಂದುಕೊಂಡಿದ್ದೆ, ಅದು ತಪ್ಪು ಅಂತ ಅಲ್ಲಿ ಒಪ್ಪಿಕೊಂಡರು. ವಿಷಯ ಯಂತ್ರದ್ದು, ಪ್ರಶ್ನೆ ಮಾತ್ರ ನಿಮ್ಮದೇ: ಒಟ್ಟು ಲಾಭ ಬಂತು, ಸರಿ, ಯಾರಿಗೆ ಬಂತು? ಇದನ್ನು ತಪ್ಪದೆ ಬಳಸಿ.

ಆರನೇ ಪುಟದಿಂದಲೇ ಶುರು ಮಾಡಿ. ನಾಲ್ಕು ಪುಟ ಸಾಕು. ಇನ್ನೊಂದು ವಿಷಯ. ಮಿಲ್ ಯಾವ ವರ್ಷ ನಿಂತಿತು ಅಂತ ನೀವು ಬರೆದಿಲ್ಲ. ತಂದೆಯ ಜೊತೆ ದುಡಿದವರನ್ನು ಕೇಳಿ ತಿಳಿದುಕೊಳ್ಳಿ. ಅದು 1994ಕ್ಕೆ ಮುಂಚೆಯೇ ಆಗಿದ್ದರೆ ನಿಮ್ಮ ವಾದವನ್ನೇ ಬದಲಾಯಿಸಬೇಕಾಗುತ್ತದೆ. ಮುಂದಿನ ತಿಂಗಳು 10ರೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ.

- ಸಂಪಾದಕ