ಜಿ1000 ಇರುವ ವಿಮಾನದಲ್ಲಿ ಪಾರ್ಶಿಯಲ್ ಪ್ಯಾನೆಲ್ ಅಪ್ರೋಚ್ ಅಂದರೆ ಏನು?

ನಿಮ್ಮ ಪ್ರಶ್ನೆ: ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಇನ್‌ಸ್ಟ್ರುಮೆಂಟ್ ರೇಟಿಂಗ್‌ನ (ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ಎಸಿಎಸ್, ಅಂದರೆ ಪರೀಕ್ಷೆಯ ಮಾನದಂಡ, ಒಂದು ನಾನ್‌ಪ್ರಿಸಿಷನ್ ಅಪ್ರೋಚನ್ನು (ಇಳಿಜಾರಿನ ನಿಖರ ಮಾರ್ಗದರ್ಶನವಿಲ್ಲದೆ ರನ್‌ವೇ ಕಡೆ ಇಳಿಯುವುದು) ಪಾರ್ಶಿಯಲ್ ಪ್ಯಾನೆಲ್‌ನಲ್ಲಿ, ಅಂದರೆ ಮುಖ್ಯ ಉಪಕರಣಗಳಲ್ಲಿ ಕೆಲವು ಇಲ್ಲದೆ, ಕೇಳುತ್ತದೆ, ನಿಮ್ಮ ಸೆಸ್ನಾ 172ರಲ್ಲಿ ಜಿ1000 (ಡಯಲ್‌ಗಳ ಬದಲು ಎರಡು ಪರದೆಗಳ ವ್ಯವಸ್ಥೆ) ಇದೆ, ಪಿಎಫ್‌ಡಿ (ಹಾರಾಟದ ಮುಖ್ಯ ಮಾಹಿತಿಯ ಪರದೆ) ಹೋದಾಗ ಎಂಎಫ್‌ಡಿಯನ್ನು (ನಕ್ಷೆ ಮುಂತಾದವುಗಳ ಪರದೆ) ರಿವರ್ಷನರಿ ಮೋಡ್‌ಗೆ, ಅಂದರೆ ಪಿಎಫ್‌ಡಿಯ ಮಾಹಿತಿಯನ್ನು ತಾನೇ ತೋರಿಸುವ ಸ್ಥಿತಿಗೆ, ಹಾಕಿದರೆ ಸಾಕೇ?

ಸಾಕು ಅಂತ ನಂಬಿಕೊಂಡು ಹೋಗಬೇಡಿ. ಎಸಿಎಸ್ ಇಂಥದ್ದೇ ಉಪಕರಣ ಮುಚ್ಚಬೇಕು ಅಂತ ಪಟ್ಟಿ ಕೊಟ್ಟಿಲ್ಲ. ಬ್ಯಾಕಪ್ ಉಪಕರಣ, ಪಾರ್ಶಿಯಲ್ ಪ್ಯಾನೆಲ್ ಅಥವಾ ನ್ಯಾವಿಗೇಷನ್ ಡಿಸ್‌ಪ್ಲೇ, ಯಾವುದೇ ಆಗಲಿ, ಆ ವಿಮಾನದ ಏವಿಯಾನಿಕ್ಸ್‌ನಲ್ಲಿ (ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ) ನಿಜಕ್ಕೂ ಆಗಬಹುದಾದ ಕೆಡುಕನ್ನು ತೋರಿಸಬೇಕು ಅನ್ನುವುದೇ ಅದರ ಮಾತು. ಹಾಗಾಗಿ ಮೊದಲು ತೆಗೆಯಬೇಕಾದ ಪುಸ್ತಕ ನಿಮ್ಮ ವಿಮಾನದ ಪಿಒಎಚ್ (ಪೈಲಟ್ ಕೈಪಿಡಿ).

ಹಳೆಯ ಗುಂಡು ಡಯಲ್‌ಗಳ ವಿಮಾನದಲ್ಲಿ ಇದು ಸರಳ. ವ್ಯಾಕ್ಯೂಮ್ ಪಂಪ್ ಕೆಟ್ಟರೆ ಆಟಿಟ್ಯೂಡ್ ಇಂಡಿಕೇಟರ್ (ವಿಮಾನದ ವಾಲುವಿಕೆ ತೋರಿಸುವುದು), ಹೆಡಿಂಗ್ ಇಂಡಿಕೇಟರ್ (ದಿಕ್ಕು ತೋರಿಸುವುದು) ಎರಡೂ ಹೋಗುತ್ತವೆ. ವಿದ್ಯುತ್ತಿನ ಟರ್ನ್ ಕೋಆರ್ಡಿನೇಟರ್ (ತಿರುವಿನ ವೇಗ ತೋರಿಸುವುದು) ಉಳಿಯುತ್ತದೆ.

ಜಿ1000ರಲ್ಲಿ ಎರಡು ಬೇರೆ ಬೇರೆ ಕೆಡುಕುಗಳಿವೆ. ಪಿಎಫ್‌ಡಿ ಪರದೆ ಮಾತ್ರ ಸತ್ತರೆ ಕೆಂಪು ಬಟನ್ ಒತ್ತಿದಾಗ ಎಂಎಫ್‌ಡಿಯಲ್ಲಿ ಹಾರಾಟದ ಮುಖ್ಯ ಮಾಹಿತಿ ಮತ್ತೆ ಬರುತ್ತದೆ. ಎಎಚ್‌ಆರ್‌ಎಸ್ (ವಾಲುವಿಕೆ ಮತ್ತು ದಿಕ್ಕನ್ನು ಅಳೆಯುವ ಪೆಟ್ಟಿಗೆ) ಕೆಟ್ಟರೆ ಆಟಿಟ್ಯೂಡ್ ಮತ್ತು ಹೆಡಿಂಗ್ ಮೇಲೆ ಕೆಂಪು ಅಡ್ಡಗೆರೆ ಬೀಳುತ್ತದೆ. ಎರಡೂ ಪರದೆಗೆ ಮಾಹಿತಿ ಕೊಡುವುದು ಅದೊಂದೇ ಪೆಟ್ಟಿಗೆ, ಆದ್ದರಿಂದ ರಿವರ್ಷನರಿ ಮೋಡ್ ಏನೂ ಸಹಾಯ ಮಾಡದು. ಸ್ಪೀಡ್ ಮತ್ತು ಆಲ್ಟಿಟ್ಯೂಡ್ ಏರ್ ಡೇಟಾ ಕಂಪ್ಯೂಟರಿನಿಂದ ಬರುವುದರಿಂದ ಉಳಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ತಯಾರಿ ನಡೆಸಬೇಕಾದ್ದು ಈ ಎಎಚ್‌ಆರ್‌ಎಸ್ ಕೆಡುಕಿಗೇ, ಯಾಕೆಂದರೆ ಎಂಎಫ್‌ಡಿಯಲ್ಲಿ ಪೂರ್ತಿ ಚಿತ್ರ ಸಿಕ್ಕರೆ ಪರೀಕ್ಷಿಸಲು ಉಳಿಯುವುದು ಕಡಿಮೆ.

ಕೆಲವು ಎಕ್ಸಾಮಿನರ್‌ಗಳು ಪಿಎಫ್‌ಡಿಯ ಬೆಳಕನ್ನು ಪೂರ್ತಿ ಇಳಿಸಿ, ಎಂಎಫ್‌ಡಿಯನ್ನು ನಕ್ಷೆಯಲ್ಲೇ ಬಿಡುತ್ತಾರೆ. ಆಗ ನಿಮಗೆ ಸಿಗುವುದು ಸ್ಟ್ಯಾಂಡ್‌ಬೈ ಉಪಕರಣಗಳು, ಕಾಂಪಸ್, ನಕ್ಷೆ. ಸಿಡಿಐ (ದಾರಿಯಿಂದ ಎಷ್ಟು ಸರಿದಿದ್ದೀರಿ ಅಂತ ತೋರಿಸುವ ಸೂಚಕ) ಕಾಣುವುದಿಲ್ಲ. ಎಂಎಫ್‌ಡಿಯ ಮೇಲಿನ ಪಟ್ಟಿಯಲ್ಲಿ ಟ್ರ್ಯಾಕ್ (ಈಗ ಸಾಗುತ್ತಿರುವ ದಿಕ್ಕು), ಡಿಸೈರ್ಡ್ ಟ್ರ್ಯಾಕ್ (ಸಾಗಬೇಕಾದ ದಿಕ್ಕು), ಕ್ರಾಸ್ ಟ್ರ್ಯಾಕ್ (ದಾರಿಯಿಂದ ಸರಿದ ದೂರ) ಮೂರನ್ನೂ ನೆಲದಲ್ಲೇ ಹಾಕಿಟ್ಟುಕೊಳ್ಳಿ. ಸಿಡಿಐಯ ಪೂರ್ಣ ಸ್ಕೇಲ್ 0.3 ನಾಟಿಕಲ್ ಮೈಲಿ ಇದ್ದಾಗ ಪರೀಕ್ಷೆಯ ಮಿತಿಯಾದ ಮುಕ್ಕಾಲು ಅಂದರೆ ಸುಮಾರು 0.22, ಕ್ರಾಸ್ ಟ್ರ್ಯಾಕ್ 0.1 ದಾಟುವ ಮೊದಲೇ ತಿದ್ದಿ, ಅದೂ 5 ಡಿಗ್ರಿಯಷ್ಟು ಮಾತ್ರ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ: ಕಾಂಪಸ್ ತೂಗಾಡುವುದನ್ನು ಬೆನ್ನಟ್ಟಿ 20 ಡಿಗ್ರಿ ತಿರುಗಿಸಿಬಿಡುತ್ತಾರೆ. ಜಿಪಿಎಸ್ ಟ್ರ್ಯಾಕ್ ಇರುವಾಗ ಕಾಂಪಸ್ ಬರೀ ತಾಳೆ ನೋಡಲು. ಜಿಪಿಎಸ್ ಟ್ರ್ಯಾಕೂ ಇಲ್ಲದಿದ್ದರೆ ಸಮಯ ಎಣಿಸಿ ತಿರುಗಿ: ಸ್ಟ್ಯಾಂಡರ್ಡ್ ರೇಟ್ ತಿರುವು ಸೆಕೆಂಡಿಗೆ 3 ಡಿಗ್ರಿ, 30 ಡಿಗ್ರಿಗೆ 10 ಸೆಕೆಂಡ್. 90 ನಾಟ್‌ನಲ್ಲಿ ಅದಕ್ಕೆ ಸುಮಾರು 14 ಡಿಗ್ರಿ ಬ್ಯಾಂಕ್ (ಪಕ್ಕಕ್ಕೆ ವಾಲಿಸುವುದು) ಬೇಕು.

ಪಾರ್ಶಿಯಲ್ ಪ್ಯಾನೆಲ್ ಅಂತ ರಿಯಾಯಿತಿ ಏನೂ ಇಲ್ಲ. ಮಾಮೂಲಿ ನಾನ್‌ಪ್ರಿಸಿಷನ್ ಅಪ್ರೋಚಿನ ಮಿತಿಗಳೇ: ಫೈನಲ್‌ನಲ್ಲಿ ಸ್ಪೀಡ್ 10 ನಾಟ್ ಒಳಗೆ, ಸಿಡಿಐ ಮುಕ್ಕಾಲು ಸ್ಕೇಲ್ ಒಳಗೆ, ಎಂಡಿಎಗಿಂತ (ರನ್‌ವೇ ಕಾಣುವವರೆಗೆ ಇಳಿಯಬಹುದಾದ ಕನಿಷ್ಠ ಎತ್ತರ) 100 ಅಡಿ ಮೇಲೆ ಇರಬಹುದು, ಒಂದಡಿ ಕೆಳಗೂ ಹೋಗುವಂತಿಲ್ಲ. ಕ್ಲಿಯರೆನ್ಸ್ (ಎಟಿಸಿ, ಅಂದರೆ ವಾಯು ಸಂಚಾರ ನಿಯಂತ್ರಣ, ಕೊಟ್ಟ ಅನುಮತಿ) ಪಾಲಿಸಲಾಗದಿದ್ದರೆ ಎಟಿಸಿಗೋ ಎಕ್ಸಾಮಿನರ್‌ಗೋ ಹೇಳಲೇಬೇಕು. ಸುಮ್ಮನೆ ಹಾರಿಸುತ್ತಾ ಹೋಗುವುದು ತಪ್ಪು.

ಬ್ರೀಫಿಂಗ್‌ನಲ್ಲೇ ನೇರವಾಗಿ ಕೇಳಿ: ‘ಸರ್, ಯಾವ ಫೇಲ್ಯೂರ್ ತೋರಿಸುತ್ತೀರಿ, ರಿವರ್ಷನರಿ ಮೋಡ್ ಬಳಸಬಹುದೇ?’ ಸರ್ಕಿಟ್ ಬ್ರೇಕರ್ ಎಳೆದು ಅಭ್ಯಾಸ ಮಾಡುವುದು ಬೇಡ, ಬೆಳಕು ಇಳಿಸಿದರೆ ಸಾಕು.