ಮನೆ ನೋಡುವ ಮೊದಲು ಅಳಿವೆ ನೋಡಿ

ಸಕಲೇಶಪುರದ ಸದಸ್ಯರ ಪ್ರಶ್ನೆ ಇಷ್ಟು: ಹಳೆಯ 26 ಅಡಿಯ ಹಾಯಿದೋಣಿಯೊಂದನ್ನು ಕೊಂಡಿದ್ದಾರೆ. ಅದನ್ನು ಹಿತ್ತಲಲ್ಲೇ ಕಟ್ಟಿಕೊಳ್ಳಲು ಉಡುಪಿ ಕುಂದಾಪುರಗಳ ನಡುವೆ ಹೊಳೆದಂಡೆಯ ಮನೆ ಬೇಕು. ದಲ್ಲಾಳಿ ಮೂರು ಮನೆ ತೋರಿಸಿ ಮೂರಕ್ಕೂ ‘ಇಲ್ಲಿಂದ ನೇರ ಸಮುದ್ರಕ್ಕೆ’ ಎಂದಿದ್ದಾನೆ. ಯಾವುದು ಆಗಬಹುದು? ಘಟ್ಟದ ಮೇಲಿನ ಕಾಫಿ ಬೆಳೆಗಾರರ ಗುಂಪಿನಲ್ಲಿ ದೋಣಿ ಹುಚ್ಚಿನವರು ನಾವಿಬ್ಬರೇ ಇದ್ದಂತಿದೆ. ಹಾಗಾಗಿ ಮೂಡಿಗೆರೆಯಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಉಳಿದವರು ಕ್ಷಮಿಸಬೇಕು.

ನೀವು ಹಾಕಿರುವ ಫೋಟೊಗಳಲ್ಲಿ ತೆಂಗಿನ ಸಾಲು, ಹೆಂಚಿನ ಮಾಡು, ಸಂಜೆಯ ಬೆಳಕು ಎಲ್ಲವೂ ಸೊಗಸಾಗಿವೆ. ಮನೆಗೂ ಕಡಲಿಗೂ ನಡುವಿನ ನೀರಿನ ದಾರಿ ಮಾತ್ರ ಒಂದರಲ್ಲೂ ಕಾಣುವುದಿಲ್ಲ. ನೀವು ದುಡ್ಡು ಕೊಡುತ್ತಿರುವುದು ಆ ದಾರಿಗೆ.

ನಿಮ್ಮ ದೋಣಿಯ ಕೀಲ್, ಅಂದರೆ ತಳದಿಂದ ಕೆಳಗೆ ಚಾಚಿದ ಭಾರದ ಹಲಗೆ, ನೀರಿನೊಳಗೆ 1.4 ಮೀಟರ್ ಇಳಿಯುತ್ತದೆ, ಹಾಯಿಕಂಬದ ತುದಿ ನೀರಿನಿಂದ 11 ಮೀಟರ್ ಮೇಲಿರುತ್ತದೆ ಎಂದು ಬರೆದಿದ್ದೀರಿ. ಎರಡನೆಯ ಅಂಕಿಯನ್ನು ಮೊದಲು ಹಿಡಿಯಿರಿ, ಅರ್ಧ ಕೆಲಸ ಮನೆಯಲ್ಲೇ ಮುಗಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಕಲ್ಯಾಣಪುರದಲ್ಲಿ ಸ್ವರ್ಣಾ ಹೊಳೆಯನ್ನೂ ಮಾಬುಕಳದಲ್ಲಿ ಸೀತಾ ಹೊಳೆಯನ್ನೂ ಕುಂದಾಪುರದ ಉತ್ತರಕ್ಕೆ ಪಂಚಗಂಗಾವಳಿಯ ಕವಲುಗಳನ್ನೂ ದಾಟುತ್ತದೆ. ಆ ಸೇತುವೆಗಳ ಕೆಳಗೆ ಮೀನುಗಾರರ ಸಣ್ಣ ದೋಣಿ ನುಸುಳೀತು, ನಿಮ್ಮ ಕಂಬ ನುಸುಳುವುದಿಲ್ಲ. ಹೆದ್ದಾರಿಯ ಪೂರ್ವಕ್ಕಿರುವ ಮನೆಯನ್ನು ಕಣ್ಣು ಮುಚ್ಚಿ ಕೈಬಿಡಿ. ಪಶ್ಚಿಮಕ್ಕಿದ್ದರೂ ಕುದ್ರುಗಳಿಗೆ (ಹೊಳೆಯ ನಡುವಿನ ನಡುಗಡ್ಡೆಗಳಿಗೆ) ಹಾಕಿದ ಕಾಲುಸೇತುವೆ, ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟು, ಹೊಳೆಯ ಮೇಲೆ ಹಾದ ವಿದ್ಯುತ್ ತಂತಿ ಇವೆಯೇ ನೋಡಿ. ತಂತಿಯ ವಿಷಯದಲ್ಲಿ ಅಂದಾಜು ಬೇಡ. ಅಲ್ಯೂಮಿನಿಯಂ ಕಂಬ ತಾಗಿದರೆ ದೋಣಿಯಲ್ಲಿದ್ದವರು ಉಳಿಯುವುದು ಕಷ್ಟ.

ಇನ್ನು ಅಳಿವೆ, ಅಂದರೆ ಹೊಳೆ ಕಡಲಿಗೆ ಬೀಳುವ ಬಾಯಿ. ನಮ್ಮ ಕರಾವಳಿಯ ಹೊಳೆಗಳೆಲ್ಲ ಕಡಲು ಸೇರುವಲ್ಲಿ ಮರಳಿನ ದಿಬ್ಬ ಕಟ್ಟಿಕೊಂಡಿರುತ್ತವೆ. ಪ್ರತಿ ಮಳೆಗಾಲಕ್ಕೂ ಆ ದಿಬ್ಬ ಜಾಗ ಬದಲಿಸುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ತಿರುವಿದರೆ ಅಳಿವೆ ನಡೆದಾಡುವುದು ಕಣ್ಣಿಗೇ ಕಾಣುತ್ತದೆ. ಲೆಕ್ಕ ಹೀಗೆ ಹಾಕಿ: ಕಡಲ ನೀರು ಇಳಿದಿರುವ ಇಳಿತದಲ್ಲಿ ದಿಬ್ಬದ ಮೇಲೆ ಒಂದು ಮೀಟರ್ ನೀರಿದೆ, ನೀರು ಏರುವ ಭರತ ಇನ್ನೊಂದು ಮೀಟರ್ ಸೇರಿಸುತ್ತದೆ ಎಂದುಕೊಳ್ಳೋಣ. ಒಟ್ಟು ಎರಡು. ಆದರೆ ಒಂದು ಮೀಟರ್ ಎತ್ತರದ ಅಲೆ ಬಂದರೆ ಅದರ ತಗ್ಗಿನಲ್ಲಿ ಅರ್ಧ ಮೀಟರ್ ಕಳೆಯಬೇಕು. ಉಳಿದದ್ದು ಒಂದೂವರೆ, ನಿಮ್ಮ ಕೀಲ್ 1.4! ಅಂದರೆ ಭರತದ ನೆತ್ತಿಯ ಆಸುಪಾಸಿನಲ್ಲಿ ಮಾತ್ರ, ಅದೂ ಕಡಲು ಶಾಂತವಿದ್ದರೆ ಮಾತ್ರ, ನಿಮಗೆ ಬಾಗಿಲು ತೆರೆದಿರುತ್ತದೆ. ಭರತ ದಿನಕ್ಕೆ ಎರಡು ಬಾರಿ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾ ಎಂದರೆ ಬರುವುದಿಲ್ಲ.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಮಧ್ಯಾಹ್ನ ಕಡಲ ಗಾಳಿ ಜೋರಾಗಿ ಬೀಸುತ್ತಿತ್ತು, ಹೊಳೆಯ ಇಳಿತ ಅದಕ್ಕೆ ಎದುರಾಗಿ ಹೊರಗೆ ನುಗ್ಗುತ್ತಿತ್ತು. ಅಂಥ ಹೊತ್ತಿನಲ್ಲಿ ಅಳಿವೆಯ ಅಲೆ ನೆಟ್ಟಗೆ ನಿಂತು ಒಡೆಯುತ್ತದೆ. ನಾನು ಒಳಗೆ ಬರಲು ಹೋಗಿ ಮರಳಿಗೆ ಕಚ್ಚಿಕೊಂಡು ಮುಂದಿನ ಭರತದವರೆಗೆ ದೋಣಿಯನ್ನು ಓರೆಯಾಗಿ ಮಲಗಿಸಿಕೊಂಡು ಕುಳಿತಿದ್ದೆ. ದಡದಲ್ಲಿ ಬಲೆ ನೇಯುತ್ತಿದ್ದ ಅಜ್ಜ ‘ಬೆಳಿಗ್ಗೆಯೇ ಕೇಳಿದ್ದರೆ ಹೇಳುತ್ತಿದ್ದೆ’ ಎಂದರು. ಆದ್ದರಿಂದ ದಲ್ಲಾಳಿಯನ್ನು ಬಿಟ್ಟು ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಚೀಚೆ, ಇಳಿತ ತೀರ ಕೆಳಗಿರುವ ಹೊತ್ತಿಗೆ, ಸ್ಥಳೀಯ ಮೀನುಗಾರರೊಬ್ಬರ ದೋಣಿಯಲ್ಲಿ ಮನೆಯ ಮೆಟ್ಟಿಲಿನಿಂದ ಅಳಿವೆಯವರೆಗೆ ಹೋಗಿ. ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ಬರೆದುಕೊಳ್ಳಿ. ಹಿತ್ತಲಲ್ಲಿ ಬರೀ ಕೆಸರು ಕಂಡರೆ ನಿಮ್ಮ ದೋಣಿ ದಿನಕ್ಕೆರಡು ಬಾರಿ ಆ ಕೆಸರಿನಲ್ಲೇ ಒರಗುತ್ತದೆ.

ಕಾಗದಪತ್ರದ ಬಗ್ಗೆ ಎರಡೇ ಮಾತು. ದಂಡೆಯ ಜಾಗ ನಿಮ್ಮದಾದರೂ ಹೊಳೆಯ ತಳ ಸರ್ಕಾರದ್ದು, ಜೆಟ್ಟಿ ಕಟ್ಟಲು ಅನುಮತಿ ಬೇಕೇ ಬೇಕು. ಸರ್ವೆ ನಂಬರನ್ನು ಕರಾವಳಿ ನಿಯಂತ್ರಣ ವಲಯದ (ನೀರಿನ ದಂಡೆಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ನಿಯಮದ) ನಕ್ಷೆಯ ಮೇಲೆ ಇಟ್ಟು ನೋಡಿ. ಕಡುಬೇಸಿಗೆಯಲ್ಲಿ ನೀರಿನ ಉಪ್ಪು ಸಾವಿರಕ್ಕೆ 5 ಭಾಗ ಇರುವಷ್ಟು ದೂರದವರೆಗೂ ಹೊಳೆದಂಡೆಗೆ ಆ ನಿಯಮ ಹಬ್ಬಿದೆ. ಅದೇ ನೆಪದಲ್ಲಿ ಏಪ್ರಿಲ್‌ನಲ್ಲಿ ಬಾವಿಯ ನೀರನ್ನೂ ಒಂದು ಗುಟುಕು ಕುಡಿದು ನೋಡಿ. ನೆರೆಯ ಗುರುತನ್ನು ಪಕ್ಕದ ಮನೆಯ ಗೋಡೆಯಲ್ಲಿ ಹುಡುಕಿ. ಬಂಟ್ವಾಳದವರು ಇಂದಿಗೂ 1974ರ ನೇತ್ರಾವತಿ ನೆರೆಯನ್ನು ನೆನೆಯುತ್ತಾರೆ. ಆ ನೇತ್ರಾವತಿ ಹುಟ್ಟುವುದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬೆಟ್ಟಗಳಲ್ಲಿ. ಘಟ್ಟದಲ್ಲಿ ಜಡಿದ ಮಳೆ ಕೆಳಗೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಕೊನೆಯದಾಗಿ, ನೀವು ಕೇಳದೇ ಇದ್ದದ್ದು. ಇಲ್ಲಿ ಹಾಯಿಗೆ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಮೇ. ಅದರಲ್ಲಿ ನವೆಂಬರ್‌ನಿಂದ ಅರೇಬಿಕಾ ಕಾಫಿ ಹಣ್ಣಿನ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ, ಆಮೇಲೆ ಸ್ಪ್ರಿಂಕ್ಲರ್ ಮತ್ತು ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯ ಕಾತರ. ನಮಗೆ ಬಿಡುವಾಗುವ ಹೊತ್ತಿಗೆ ಮುಂಗಾರು ಬಂದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯೇ ನಿಂತಿರುತ್ತದೆ, ನಾವು ಯಾವ ಲೆಕ್ಕ? ವರ್ಷದಲ್ಲಿ ನಾಲ್ಕೈದು ವಾರ ದಕ್ಕಿದರೆ ಪುಣ್ಯ. ಅಷ್ಟಕ್ಕೆ ಉಪ್ಪುಗಾಳಿಗೆ ಕಿಟಕಿಯ ಕಬ್ಬಿಣ ತಿನ್ನಿಸುವ ಮನೆ ಬೇಕೇ? ನಾನು ಮನೆಯ ಆಸೆ ಬಿಟ್ಟು, ಕೀಲ್ ಮೇಲಕ್ಕೆತ್ತಬಹುದಾದ 18 ಅಡಿಯ ದೋಣಿ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ಅದು ಕಾಫಿ ಗೋದಾಮಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಟ್ರೈಲರ್ ಮೇಲೆ ಇಳಿಯುತ್ತದೆ. ಟ್ರೈಲರ್‌ಗೆ ಚಾರ್ಮಾಡಿಯ ತಿರುವುಗಳಿಗಿಂತ ನಿಮ್ಮ ಶಿರಾಡಿಯೇ ವಾಸಿ.

ಆದರೂ ಮನೆಯೇ ಬೇಕೆಂದರೆ, ಮೂರರಲ್ಲಿ ಹೆದ್ದಾರಿಯ ಪಶ್ಚಿಮಕ್ಕಿರುವುದು ಯಾವುದೆಂದು ತಿಳಿಸಿ. ಮುಂದಿನ ಅಮಾವಾಸ್ಯೆಗೆ ಹೋಗಿಬರೋಣ. ಅಳತೆಯ ಹಗ್ಗ ನನ್ನಲ್ಲಿದೆ.