ಮ್ಯಾಪಲ್ಲಿ ಒಂದು ಗೇಣು, ರೋಡಲ್ಲಿ ಹದಿನೆಂಟು ದಿನ

ಹೋದ ಸಂಚಿಕೇಲಿ ನಾನೂ ನಮ್ಮವರೂ ಆಸ್ಟ್ರೇಲಿಯಾದಲ್ಲಿ ಮಗಳ ಕಾರಿನ ಹಿಂದೆ ಬಾಡಿಗೆ ಕ್ಯಾರವಾನ್, ಅಂದ್ರೆ ಚಕ್ರದ ಮೇಲಿನ ಪುಟ್ಟ ಮನೆ, ಸಿಕ್ಕಿಸ್ಕೊಂಡು ಅಡಿಲೇಡಿಂದ ಡಾರ್ವಿನ್ ತನಕ ಹೋಗಿದ್ದು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ ಮಾರಾಯ್ರೇ. ಈ ಸಲದ ಕಾಲಂ ಪೂರ್ತಿ ಅದಕ್ಕೇ.

ಪ್ರಶ್ನೆ: ಅಕ್ಕ ನಮಸ್ಕಾರ. ನಂಗೆ 62, ಬ್ಯಾಂಕಿಂದ ರಿಟೈರ್ ಆಗಿದೀನಿ. ಮಗ ಅಡಿಲೇಡಲ್ಲಿದ್ದಾನೆ. ಡಿಸೆಂಬರಲ್ಲಿ ಅವನ ಹತ್ರ ಹೋದಾಗ ನಾವಿಬ್ರೇ ಒಂದು ಕ್ಯಾರವಾನ್ ತಗೊಂಡು ಡಾರ್ವಿನ್‌ಗೆ ಹೋಗ್ಬೇಕು ಅಂತ ಪ್ಲಾನ್, 8 ದಿನ ಇಟ್ಕೊಂಡಿದೀನಿ. ಮೂವತ್ತು ವರ್ಷದಿಂದ ಮುಂಬೈ-ಉಡುಪಿ ನಾನೇ ಡ್ರೈವ್ ಮಾಡೋದು, ಒಂದೇ ದಿನ 900 ಕಿಮೀ ನಂಗೇನು ಹೊಸದಲ್ಲ. ಹೆಂಡತಿ ಮಾತ್ರ ನಾನು ಬರಲ್ಲ ಅಂತ ಕೂತಿದ್ದಾಳೆ. ಒಪ್ಪಿಸೋದು ಹೇಗೆ?
(ಡೊಂಬಿವಲಿಯ ಓದುಗರು)

ಉತ್ತರ: ಒಪ್ಪಿಸ್ಬೇಡಿ. ಈ ಪ್ಲಾನಿಗೆ ಅವರು ಬರಲ್ಲ ಅಂದಿದ್ದೇ ಸರಿ. ಪ್ಲಾನ್ ಬದಲಾಯ್ಸಿ, ಆಮೇಲೆ ಇನ್ನೊಂದ್ಸಲ ಕೇಳಿ ನೋಡಿ.

ಮೊದ್ಲು ತಿಂಗಳು. ಡಿಸೆಂಬರ್ ಅಂದ್ರೆ ಅಲ್ಲಿ ನಡು ಬೇಸಿಗೆ, ಕೂಬರ್ ಪೀಡಿ ಕಡೆ 45 ಡಿಗ್ರಿ ಮುಟ್ಟೋದುಂಟು. ಆ ಊರಲ್ಲಿ 1915ರಲ್ಲಿ ಓಪಲ್ ಕಲ್ಲು ಸಿಕ್ಕಿದ್ಮೇಲೆ ಗಣಿ ಅಗೆಯೋಕೆ ಬಂದವರು ಬಿಸಿಲು ತಡೀಲಾರದೆ ನೆಲದೊಳಗೇ ಮನೆ ಕೊರ್ಕೊಂಡು ಕೂತ್ರು, ಈಗ್ಲೂ ಹಾಗೇ ಇದ್ದಾರೆ, ಚರ್ಚೂ ಭೂಮಿಯೊಳಗೇ. ಇನ್ನು ಆ ಕಡೆ ತುದಿ ಡಾರ್ವಿನ್ನಲ್ಲಿ ಅದೇ ಹೊತ್ತಿಗೆ ಮಳೆಗಾಲ, ನಮ್ಮ ಜುಲೈ ಇದ್ದಂಗೆ. ಅಂದ್ರೆ ಅರ್ಧ ದಾರಿ ಬಾಣಲೆ, ಅರ್ಧ ದಾರಿ ಪ್ರವಾಹ. ಮೇಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ಹಗಲು ಹಿತವಾಗಿರುತ್ತೆ. ರಾತ್ರಿ ಮಾತ್ರ ಆಲಿಸ್ ಸ್ಪ್ರಿಂಗ್ಸಲ್ಲಿ ಸೊನ್ನೆ ಡಿಗ್ರಿಗೆ ಇಳಿಯುತ್ತೆ, ಮರುಭೂಮಿ ಅಂತ ಬರೀ ಕಾಟನ್ ಶರ್ಟ್ ತುಂಬ್ಕೊಂಡು ಹೋಗಿ ನಾವು ಇಬ್ರೂ ಒಂದೇ ರಜಾಯಿಗೆ ಜಗಳ ಆಡಿದ್ವಿ.

ಈಗ 8 ದಿನದ ಲೆಕ್ಕ. ಅಡಿಲೇಡಿಂದ ಡಾರ್ವಿನ್ 3,000 ಕಿಮೀ ಮೇಲೆ, ಫೋನಲ್ಲಿ ಮ್ಯಾಪ್ ನೋಡಿದ್ರೆ ಒಂದು ಗೇಣು, ನೇರ ಮೇಲಕ್ಕೆ ಒಂದು ಗೆರೆ. ದಿನಕ್ಕೆ 400 ಆಯ್ತು, ಉಡುಪಿ ದಾರಿಯ ಅರ್ಧನೂ ಇಲ್ಲ, ಅಂತ ನೀವು ಭಾಗಾಕಾರ ಮಾಡಿರ್ತೀರಿ, ನಮ್ಮವರೂ ಇದನ್ನೇ ಮಾಡಿದ್ರು. ಆದ್ರೆ ಉಡುಪಿ ದಾರೀಲಿ ನೀವು ಬೆಳಗ್ಗೆ ನಾಲ್ಕಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮನೆ ಸೇರ್ತೀರಿ. ಅಲ್ಲಿ ಅದು ನಡೆಯಲ್ಲ. ಕಾಂಗರೂಗಳು ರೋಡಿಗೆ ಬರೋದೇ ಮುಂಜಾನೆ ಮತ್ತೆ ಮುಸ್ಸಂಜೆ, ದನಗಳಿಗೂ ಎಷ್ಟೋ ಕಡೆ ಬೇಲಿ ಇಲ್ಲ, ಕತ್ತಲಲ್ಲಿ ಹೆದ್ದಾರಿ ಮಧ್ಯ ನಿಂತಿರ್ತವೆ. ಎಷ್ಟೋ ಬಾಡಿಗೆ ಗಾಡಿ ಅಗ್ರಿಮೆಂಟಲ್ಲೂ ಊರ ಹೊರಗೆ ರಾತ್ರಿ ಓಡಿಸಿ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್ ಇಲ್ಲ ಅಂತ ಬರ್ದಿರುತ್ತೆ, ಸೈನ್ ಹಾಕೋ ಮುಂಚೆ ಓದಿ, ಮಣ್ಣಿನ ರಸ್ತೆ ಬಗ್ಗೆನೂ ಅದೇ ಹಾಳೆಯಲ್ಲಿ ಇರುತ್ತೆ. ಬಿಸಿಲು ಚೆನ್ನಾಗಿ ಏರಿದ್ಮೇಲೆ ಹೊರಟು ನಾಲ್ಕೂವರೆಗೆ ನಿಂತುಬಿಡ್ಬೇಕು. ಅಷ್ಟರಲ್ಲಿ ಕ್ಯಾರವಾನ್ ಎಳ್ಕೊಂಡು, ಚಾ ಕುಡಿದು, ಡೀಸೆಲ್ ಹಾಕ್ಸಿ, 350 ಆದ್ರೆ ದೊಡ್ಡದು. ಮೇಲಿಂದ ಉಲುರು ಅನ್ನೋ ಆ ದೊಡ್ಡ ಕೆಂಪು ಬಂಡೆಗೆ ಹೋಗದೆ ಬರ್ತೀರಾ? ಅದು ಹೆದ್ದಾರಿ ಪಕ್ಕ ಇಲ್ಲ, ಅರ್ಲ್‌ಡಂಡಾದಲ್ಲಿ ತಿರುಗಿ ಸುಮಾರು 250 ಕಿಮೀ ಒಳಗೆ ಹೋಗಿ ಅಷ್ಟೇ ವಾಪಸ್ ಬರ್ಬೇಕು. (ಬಂಡೆ ಹತ್ತೋ ಆಸೆ ಇದ್ರೆ ಬಿಡಿ. ಅದು ಅಲ್ಲಿನ ಮೂಲನಿವಾಸಿ ಅನಂಗು ಜನಕ್ಕೆ ದೇವರ ಜಾಗ, 2019ರ ಅಕ್ಟೋಬರಿಂದ ಹತ್ತೋದು ಬಂದ್. ಸುತ್ತ ನಡ್ಕೊಂಡು ಬನ್ನಿ, ಸುಮಾರು 10 ಕಿಮೀ.) ಹೀಗೆ ಎಲ್ಲ ಸೇರಿ ನಮಗೆ 18 ದಿನ ಆಯ್ತು. ಅಷ್ಟು ದಿನ ಇಲ್ಲ ಅಂದ್ರೆ ಆಲಿಸ್ ಸ್ಪ್ರಿಂಗ್ಸ್ ತನಕ ಹೋಗಿ ಗಾಡಿ ಅಲ್ಲೇ ಬಿಟ್ಟು ವಿಮಾನ ಹತ್ತಿ. ಅಥವಾ ‘ಘಾನ್’ ರೈಲು ಇದೆ, ಅದು 2004ರಿಂದ ಅಡಿಲೇಡಿಂದ ಡಾರ್ವಿನ್ ತನಕನೂ ಓಡುತ್ತೆ. ಆ ಹೆಸರು ಬಂದಿದ್ದು ಅಫಘಾನ್ ಒಂಟೆಯವರಿಂದ. ರೋಡೂ ರೈಲೂ ಇಲ್ಲದ ಕಾಲದಲ್ಲಿ ಈ ಮರುಭೂಮೀಲಿ ಸಾಮಾನು ಹೊತ್ತಿದ್ದು ಅವರ ಒಂಟೆಗಳೇ, 1860ರಲ್ಲಿ ಒಂದು ದೊಡ್ಡ ತಂಡ ಕರಾಚಿ ಬಂದರಲ್ಲಿ ಹಡಗು ಹತ್ತಿತ್ತು. ಆಗ ಕರಾಚಿ ನಮ್ಮ ಬಾಂಬೆ ಪ್ರೆಸಿಡೆನ್ಸಿಗೇ ಸೇರಿದ್ದು, ಹಾಗಾಗಿ ಔಟ್‌ಬ್ಯಾಕಿಗೆ, ಅಂದ್ರೆ ಈ ಖಾಲಿ ಒಳನಾಡಿಗೆ, ಮುಂಬೈಯವರಲ್ಲಿ ನೀವೇ ಮೊದಲಿಗರಲ್ಲ, ಒಂಟೆಗಳು ಮುಂಚೆನೇ ಹೋಗಿವೆ.

ಡೀಸೆಲ್ ವಿಷಯ. ಗ್ಲೆಂಡಾಂಬೋ ಅನ್ನೋ ಊರು ದಾಟಿದ್ರೆ ಕೂಬರ್ ಪೀಡಿ ತನಕ ಸುಮಾರು 250 ಕಿಮೀ ಪಂಪೂ ಇಲ್ಲ, ಚಾ ಅಂಗಡೀನೂ ಇಲ್ಲ. ಮುಂಬೈ ಬಿಟ್ಟು ಸಾತಾರಾ ಮುಟ್ಟೋವರೆಗೆ ಒಂದೇ ಒಂದು ವಡಾಪಾವ್ ಗಾಡಿ ಕಾಣದೆ ಹೋದ್ರೆ ಹೇಗಿರುತ್ತೆ, ಹಾಗೆ. ಕ್ಯಾರವಾನ್ ಎಳೀತಿದ್ರೆ, ಅದರಲ್ಲೂ ಎದುರು ಗಾಳಿ ಇದ್ರೆ, ಕಾರು ಕುಡಿಯೋ ಲೆಕ್ಕನೇ ಬೇರೆ. ಅರ್ಧ ಟ್ಯಾಂಕ್ ಆಯ್ತಾ, ಸಿಕ್ಕಿದ ಪಂಪಲ್ಲಿ ಫುಲ್ ಮಾಡ್ಸಿ, ರೇಟ್ ನೋಡ್ಬೇಡಿ. ಫೋನ್ ಸಿಗ್ನಲ್ ಊರು ದಾಟಿ ಸ್ವಲ್ಪ ದೂರಕ್ಕೇ ಹೋಗ್ಬಿಡುತ್ತೆ, ಸ್ಯಾಟಲೈಟ್ ಫೋನ್ ಬಾಡಿಗೆಗೆ ಸಿಗುತ್ತೆ. ಗಾಡಿ ಕೆಟ್ರೆ ಯಾವ ಕಾರಣಕ್ಕೂ ಗಾಡಿ ಬಿಟ್ಟು ನಡೀಬೇಡಿ, ಹುಡ್ಕೋರಿಗೆ ಗಾಡಿ ಕಾಣುತ್ತೆ, ಮನುಷ್ಯ ಕಾಣಲ್ಲ. ಕುಡಿಯೋ ನೀರು ಟ್ಯಾಂಕಿನದ್ದು ಬೇರೆ, ಕ್ಯಾನಲ್ಲಿ ಬೇರೆ ಇಟ್ಕೊಳ್ಳಿ.

ರೋಡ್ ಟ್ರೇನ್ ಅಂತ ಬರ್ತವೆ, ಒಂದು ಲಾರಿ ಹಿಂದೆ ಮೂರು ಟ್ರೇಲರ್, 53 ಮೀಟರ್ ಉದ್ದ, ಅಂದ್ರೆ ನಮ್ಮ ಲೋಕಲಿನ ಎರಡೂವರೆ ಡಬ್ಬಿ ರಬ್ಬರ್ ಚಕ್ರದ ಮೇಲೆ ಬಂದಂಗೆ. ನಮ್ಮ ಊರಿನ ಥರ ಹಾರ್ನ್ ಹೊಡೆದು ನುಗ್ಗೋ ಆಟ ಬೇಡ. ಅದೇ ಓವರ್‌ಟೇಕ್ ಮಾಡ್ಲಿ, ನೀವು ಆಕ್ಸಿಲರೇಟರ್ ಬಿಟ್ಟು ನೇರ ಹಿಡ್ಕೊಳ್ಳಿ, ಪಕ್ಕದಲ್ಲಿ ಹಾದು ಹೋಗುವಾಗ ಅದರ ಗಾಳಿಗೆ ಕ್ಯಾರವಾನ್ ಒಂದ್ಸಲ ಲಾರಿ ಕಡೆಗೆ ಎಳೆಯುತ್ತೆ. ಗಾಡೀಲಿ ಸಿಬಿ ರೇಡಿಯೋ (ವಾಕಿಟಾಕಿ ಥರದ್ದು) ಇದ್ರೆ ಲಾರಿಯವರು ಚಾನೆಲ್ 40ರಲ್ಲಿ ಸಿಗ್ತಾರೆ, ಹಿಂದೆ ಇರೋನು ಯಾವಾಗ ಬರ್ತಾನೆ ಅಂತ ಅವನೇ ಹೇಳ್ತಾನೆ.

ಕ್ಯಾರವಾನಿಗಿಂತ ನೀವು ಮೋಟರ್‌ಹೋಮ್ ತಗೊಳ್ಳಿ ಅಂತ ನನ್ನ ಸಲಹೆ, ಅಂದ್ರೆ ಮನೆ ಗಾಡಿ ಮೇಲೇ ಇರುತ್ತೆ, ಎಳೆಯೋದಿಲ್ಲ. ಯಾಕಂದ್ರೆ ಗಂಡ ಹೆಂಡತಿ ಜಗಳ ಕಾಂಗರೂನಿಂದ ಬರಲ್ಲ, ರಿವರ್ಸಿಂದ ಬರುತ್ತೆ. ಪೋರ್ಟ್ ಅಗಸ್ಟಾದಲ್ಲಿ ಮೊದಲ್ನೇ ಸಂಜೆ, ನಮ್ಮ ಜಾಗಕ್ಕೆ ಕ್ಯಾರವಾನ್ ಹಿಂದಕ್ಕೆ ಹಾಕ್ಬೇಕು, ನಾನು ಹಿಂದೆ ನಿಂತು ಬಲಕ್ಕೆ ಬಲಕ್ಕೆ ಅಂತಿದೀನಿ, ಇವರು ಯಾರ ಬಲಕ್ಕೆ ಅಂತ ಕೂಗ್ತಿದ್ದಾರೆ, ಸುತ್ತ ಇಪ್ಪತ್ತು ಮುದುಕರು ಮುದುಕೀರು ಫೋಲ್ಡಿಂಗ್ ಚೇರ್ ಹಾಕ್ಕೊಂಡು ನೋಡ್ತಿದ್ದಾರೆ, ಅಲ್ಲಿನ ಸಂಜೆಯ ಮನರಂಜನೆನೇ ಹೊಸಬರು ರಿವರ್ಸ್ ಹಾಕೋದು. ಕೊನೆಗೆ ಒಬ್ಬ ಅಜ್ಜ ಎದ್ದು ಬಂದು ಸ್ಟೀರಿಂಗ್ ಕೆಳಗಡೆ ಹಿಡ್ಕೋ ಅಂದ, ಕೆಳಗೆ ಹಿಡ್ಕೊಂಡು ಕೈಯನ್ನ ಯಾವ ಕಡೆ ಸರಿಸ್ತೀಯೋ ಕ್ಯಾರವಾನಿನ ಹಿಂಭಾಗ ಅದೇ ಕಡೆ ಹೋಗುತ್ತೆ. ಹೌದು, ಹೋಯ್ತು. ಅಷ್ಟೊತ್ತಿಗೆ ನಾವಿಬ್ರೂ ಮಾತು ಬಿಟ್ಟಾಗಿತ್ತು.

ಮಾರನೇ ದಿನ ಇನ್ನೊಂದು. ಹತ್ತು ಕೆಜಿ ಅಕ್ಕಿ ಚೀಲ, ಟೂಲ್ ಬಾಕ್ಸ್ ಎಲ್ಲ ಹಿಂದಿನ ಕಪಾಟಲ್ಲಿ ಇಟ್ಟಿದ್ದೆ, 100ರ ಸ್ಪೀಡಿಗೆ ಕ್ಯಾರವಾನ್ ಬಾಲ ಅಲ್ಲಾಡಿಸೋಕೆ ಶುರು ಮಾಡ್ತು. ಭಾರ ಯಾವಾಗ್ಲೂ ಚಕ್ರದ ಮೇಲೆ ಬರೋ ಥರ ಕೆಳಗೆ ಇಡ್ಬೇಕು, ಹಿಂದೆ ಇಡ್ಬಾರ್ದು, ಹಂಗೆ ಅಲ್ಲಾಡಿದ್ರೆ ಬ್ರೇಕ್ ಒತ್ಬಾರ್ದು, ಕಾಲು ಮೆಲ್ಲಗೆ ಎತ್ತಬೇಕು. ಎಲ್ಲ ತೆಗೆದು ಮುಂದಿಟ್ಟೆ. ಆದ್ರೆ ಮೇಲಿನ ಕಪಾಟಿನ ಚಿಲಕ ಹಾಕೋದು ಮರೆತೆ. ಕೂಬರ್ ಪೀಡೀಲಿ ಬಾಗ್ಲು ತೆಗೆದ್ರೆ ತೊಗರಿಬೇಳೆ ಡಬ್ಬ ಕೆಳಗೆ ಬಿದ್ದು ಎರಡು ಕೆಜಿ ಬೇಳೆ ಹಾಸಿಗೆ ಮೇಲೆ, ಸಿಂಕಲ್ಲಿ, ಇವರ ಚಪ್ಪಲೀಲಿ. ಡಾರ್ವಿನ್ನಲ್ಲಿ ಗಾಡಿ ವಾಪಸ್ ಕೊಡೋ ದಿನಾನೂ ದಿಂಬಿನ ಕವರಿಂದ ನಾಲ್ಕು ಕಾಳು ಬಿದ್ವು.

ಆ ರಾತ್ರಿ ಕೂತು ಒಂದು ಒಪ್ಪಂದ ಮಾಡ್ಕೊಂಡ್ವಿ, ನಿಮಗೂ ಅದೇ ಹೇಳ್ತೀನಿ. ಎಲ್ಲಿ ನಿಲ್ಲಿಸ್ಬೇಕು, ಎಷ್ಟೊತ್ತಿಗೆ ನಿಲ್ಲಿಸ್ಬೇಕು ಅನ್ನೋದು ಸ್ಟೀರಿಂಗ್ ಹಿಡಿಯದೇ ಇರೋರ ತೀರ್ಮಾನ. ನಿಲ್ಸಿ ಅಂದ್ರೆ ನಿಲ್ಸೋದು, ಇನ್ನೊಂದು ಐವತ್ತು ಕಿಮೀ ಅಷ್ಟೇ ಅನ್ನಂಗಿಲ್ಲ. ಓಡಿಸೋರಿಗೆ ಸುಸ್ತಾಗಿದ್ದು ಓಡಿಸೋರಿಗೆ ಗೊತ್ತಾಗಲ್ಲ, ಪಕ್ಕದಲ್ಲಿ ಕೂತೋರಿಗೆ ಗೊತ್ತಾಗುತ್ತೆ. ಹೆಂಡತಿಗೆ ಈ ಅಧಿಕಾರ ಕೊಡ್ತೀನಿ, ಜೂನಲ್ಲಿ ಹೋಗೋಣ, 18 ದಿನ, ಅಂತ ಹೇಳಿ ನೋಡಿ. ಆಮೇಲೂ ಬರಲ್ಲ ಅಂದ್ರೆ ನಂಗೆ ಬರೀರಿ.

ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದ್ರೂ: ಅಲ್ಲೂ ನಮ್ಮ ಥರ ಎಡಗಡೆನೇ ಓಡಿಸೋದು, ನಮ್ಮ ಇಂಗ್ಲಿಷ್ ಲೈಸೆನ್ಸ್ ಟೂರಿಸ್ಟಿಗೆ ನಡೆಯುತ್ತೆ, ಆದ್ರೆ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಒಂದು ಮಾಡಿಸ್ಕೊಂಡೇ ಹೋಗಿ, ಬಾಡಿಗೆಯವರು ಕೇಳಿದ್ರೆ ಕೌಂಟರಲ್ಲಿ ವಾದ ಮಾಡೋದು ತಪ್ಪುತ್ತೆ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾವು ಮೂಲ ವಿಜಾಪುರದವ್ರು, ಚಿಂಚವಾಡದಾಗ ಇಪ್ಪತ್ತೈದು ವರ್ಷ ಆತು. ಬರೋ ಜೂನ್‌ದಾಗ ಇಬ್ರೂ ಹೊಂಟೀವಿ. ನಮ್ಮ ಯಜಮಾನ್ರಿಗೆ ಎರಡೂ ಹೊತ್ತು ರೊಟ್ಟಿ ಬೇಕ ಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಒಯ್ಯಬಹುದೇನ್ರಿ? ಆ ಗಾಡ್ಯಾಗ ಅಡಗಿ ಹ್ಯಾಂಗ ಮಾಡೂದು?
(ಪುಣೆಯ ಓದುಗರು)

ಉತ್ತರ: ತಂಗೀ, ಏನು ಒಯ್ದರೂ ಮುಚ್ಚಿಡಬೇಡ. ವಿಮಾನದಲ್ಲಿ ಕೊಡೋ ಕಾರ್ಡಲ್ಲಿ ತಿನ್ನೋ ಸಾಮಾನಿದೆ ಅಂತ ಟಿಕ್ ಹಾಕಿ ಆಫೀಸರ್ ಮುಂದೆ ಚೀಲ ಬಿಚ್ಚು, ಅವರು ಬೇಡ ಅಂದಿದ್ದನ್ನ ತೆಗೆದಿಟ್ಕೋತಾರೆ, ಅಷ್ಟೇ. ಹೇಳದೆ ಸಿಕ್ಕಿಬಿದ್ರೆ ದಂಡ, ವೀಸಾನೂ ರದ್ದು ಮಾಡಬಹುದು. ಹಸಿ ಕರಿಬೇವು, ಹಣ್ಣು, ತರಕಾರಿ, ಮೊಳಕೆ ಬರೋ ಬೀಜ ಇದ್ಯಾವುದೂ ಬೇಡವೇ ಬೇಡ. ಅಕ್ಕಿ ಬೇಳೆ ಮಸಾಲೆ ಎಲ್ಲ ಅಡಿಲೇಡ್ ಥರದ ದೊಡ್ಡ ಊರಿನ ಇಂಡಿಯನ್ ಅಂಗಡೀಲೇ ತಗೋ. ಇನ್ನೊಂದು, ಅಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗೋವಾಗ್ಲೂ ಹಣ್ಣು ತರಕಾರಿಗೆ ತಡೆ ಇರುತ್ತೆ. ವೆಸ್ಟರ್ನ್ ಆಸ್ಟ್ರೇಲಿಯಾ ಗಡೀಲಿ ಗಾಡಿ ನಿಲ್ಸಿ ಫ್ರಿಜ್ ತೆಗೆದು ನೋಡ್ತಾರೆ, ಜೇನುತುಪ್ಪನೂ ಬಿಡಲ್ಲ. ಹಿಂದಿನ ರಾತ್ರಿ ಇದ್ದ ತರಕಾರಿ ಎಲ್ಲ ಹಾಕಿ ಸಾಂಬಾರ್ ಮಾಡಿಬಿಡು.

ಗಾಡೀಲಿ ಎರಡು ಒಲೆ ಗ್ಯಾಸ್ ಇರುತ್ತೆ. ಕ್ಯಾರವಾನ್ ಪಾರ್ಕಲ್ಲಿ ಕರೆಂಟ್ ಇರೋ ಜಾಗ ತಗೊಂಡ್ರೆ ಫ್ರಿಜ್ ಕರೆಂಟಲ್ಲಿ ಓಡುತ್ತೆ, ಕಾಡಲ್ಲಿ ನಿಂತ್ರೆ ಎಷ್ಟೋ ಗಾಡೀಲಿ ಗ್ಯಾಸಲ್ಲೇ ಓಡೋದು, ಅದಕ್ಕೇ ಪೆಟ್ರೋಲ್ ಪಂಪಿಗೆ ತಿರುಗೋ ಮುಂಚೆ ಗ್ಯಾಸ್ ಬಂದ್ ಮಾಡಿದ್ಯಾ ಅಂತ ನೋಡು. ರೊಟ್ಟಿ ಬಡಿಯೋಕೆ ಹೋಗ್ಬೇಡ, ಇಡೀ ಗಾಡಿ ಡಬಡಬ ಅನ್ನುತ್ತೆ. ಕುಕ್ಕರೂ ಹಾಗೇ. ನಾನು ಬೆಳಗ್ಗೆ ಆರಕ್ಕೆ ಅನ್ನಕ್ಕಿಟ್ಟು ಮೂರು ಸೀಟಿ ಹೊಡೆಸಿದೆ, ಪಕ್ಕದ ಗಾಡಿಯ ಅಮ್ಮ ಡ್ರೆಸಿಂಗ್ ಗೌನಲ್ಲೇ ಓಡಿ ಬಂದು ಗ್ಯಾಸ್ ಲೀಕಾ ಅಂತ ಕೇಳಿದ್ಳು. ಸಾರನ್ನ ತಿನ್ಸಿ ಕಳಿಸಿದೆ. ಪಾತ್ರೆ ತೊಳೆಯೋಕೆ ಮುಂಚೆ ಪೇಪರಲ್ಲಿ ಒರೆಸು, ನೀರು ಉಳಿಯುತ್ತೆ.

ಪ್ರಶ್ನೆ: ನಾವು ವಾಸ್ಕೋದಲ್ಲಿರೋದು, ಮದುವೆ ಆಗಿ ಎಂಟು ತಿಂಗಳು. ನಂಗೆ ಪರ್ತ್‌ನಿಂದ ನಲ್ಲಾರ್ಬೋರ್ ದಾಟಿ ಅಡಿಲೇಡ್‌ಗೆ ಹೋಗೋ ಹುಚ್ಚು. ಇವಳು ಯೂಟ್ಯೂಬಲ್ಲಿ ನೋಡಿ ಅಲ್ಲಿ ಏನೂ ಇಲ್ವಲ್ಲ, ಬೀಚ್ ಬಿಟ್ಟು ಖಾಲಿ ಮೈದಾನ ನೋಡೋಕೆ ಯಾಕೆ ಹೋಗ್ಬೇಕು ಅಂತಾಳೆ ಮೇಡಂ.
(ಗೋವಾದ ಓದುಗರು)

ಉತ್ತರ: ಆ ದಾರಿ ನಾವು ಮಾಡಿಲ್ಲ, ಮಗಳೂ ಅಳಿಯನೂ ಮಾಡಿದ್ದಾರೆ, ಅವಳು ಹೇಳಿದ್ದು ಹೇಳ್ತೀನಿ. ನಲ್ಲಾರ್ಬೋರ್ ಅಂದ್ರೇನೇ ಲ್ಯಾಟಿನ್ನಲ್ಲಿ ಮರ ಇಲ್ಲ ಅಂತ. ಬಾಲಡೋನಿಯಾದಿಂದ ಕೈಗೂನಾ ತನಕ 146.6 ಕಿಮೀ ಒಂದೇ ಒಂದು ತಿರುವಿಲ್ಲ, ಹೆಚ್ಚುಕಮ್ಮಿ ಮುಂಬೈಯಿಂದ ಪುಣೆ, ಸ್ಟೀರಿಂಗ್ ಅಲ್ಲಾಡದೆ. ಮಗಳಿಗೆ ಅರ್ಧ ಗಂಟೆಗೇ ಬೋರ್ ಆಯ್ತಂತೆ, ಆಮೇಲೆ ಅಭ್ಯಾಸ ಆಯ್ತಂತೆ. ಅಲ್ಲಲ್ಲಿ ಹೆದ್ದಾರಿ ಮೇಲೇ ರನ್‌ವೇ ಥರ ಬಿಳಿ ಪಟ್ಟಿ ಬಳ್ದಿರುತ್ತೆ, ಅದು ಫ್ಲೈಯಿಂಗ್ ಡಾಕ್ಟರ್ ವಿಮಾನ ಇಳಿಯೋಕೆ. 1928ರಿಂದ ಅಲ್ಲಿ ಡಾಕ್ಟರು ವಿಮಾನದಲ್ಲೇ ಬರ್ತಾರೆ, ಆಸ್ಪತ್ರೆ ಅಷ್ಟು ದೂರ. ದಾರೀಲಿ ಯೂಕ್ಲಾ ಅನ್ನೋ ಊರಿನ ಸುತ್ತಮುತ್ತ ಪರ್ತ್ ಟೈಮಿಗಿಂತ ಗಡಿಯಾರ 45 ನಿಮಿಷ ಮುಂದಿಡ್ಬೇಕು, ಸರ್ಕಾರಿ ಟೈಮಲ್ಲ, ಅಲ್ಲಿನವರು ಇಟ್ಕೊಂಡಿದ್ದು. ನಿಮ್ಮವಳಿಗೆ ಬೀಚ್ ಬೇಕು ಅಂದ್ರೆ ಜೂನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಹೆಡ್ ಆಫ್ ಬೈಟ್ ಅನ್ನೋ ಕಡೆ ಬಂಡೆ ಅಂಚಲ್ಲಿ ನಿಂತ್ರೆ ಕೆಳಗೆ ಸಮುದ್ರದಲ್ಲಿ ತಿಮಿಂಗಿಲಗಳು ಮರಿ ಜೊತೆ ಇರ್ತವೆ, ಟಿಕೆಟ್ ತಗೊಂಡು ನೋಡೋದು. ಕೋಲ್ವಾದಲ್ಲಿ ಅದು ಸಿಗಲ್ಲ ಅಂತ ಹೇಳಿ. ಒಂದು ರಾತ್ರಿಯಾದ್ರೂ ಲೈಟಿಲ್ಲದ ರೆಸ್ಟ್ ಏರಿಯಾದಲ್ಲಿ ನಿಲ್ಸಿ ಹೊರಗೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಆಕಾಶ ನೋಡಿದ್ಮೇಲೂ ಏನೂ ಇಲ್ಲ ಅಂದ್ರೆ ಮುಂದಿನ ಟೂರ್ ಅವಳು ಹೇಳಿದ ಕಡೆ. ಆಮೇಲೆ ಹಗಲಿಗೆ ತಲೆ ಮೇಲೆ ಹಾಕೋ ನೊಣದ ಬಲೆ ಎರಡು ತಗೊಳ್ಳಿ, ಒಂದು ತಗೊಂಡ್ರೆ ಜಗಳ.

ಪ್ರಶ್ನೆ: ನೇರ ಕೇಳ್ತೀನಿ. ಟಾಯ್ಲೆಟ್?
(ಠಾಣೆಯ ಓದುಗರು)

ಉತ್ತರ: ನೇರ ಹೇಳ್ತೀನಿ. ಗಾಡಿಯೊಳಗೇ ಇರುತ್ತೆ, ಕೆಳಗೆ ಒಂದು ಡಬ್ಬ, ಕ್ಯಾಸೆಟ್ ಅಂತಾರೆ, ಎರಡು ಮೂರು ದಿನಕ್ಕೆ ತುಂಬುತ್ತೆ. ಹೊರಗಡೆಯಿಂದ ಎಳೆದು ತೆಗೆದು ಡಂಪ್ ಪಾಯಿಂಟ್ ಅನ್ನೋ ಕಡೆ ಖಾಲಿ ಮಾಡಿ ತೊಳೀಬೇಕು, ಬೇರೆಲ್ಲೂ ಸುರೀಬಾರ್ದು. ಯಾರು ಮಾಡ್ಬೇಕು ಅನ್ನೋದು ಅಗ್ರಿಮೆಂಟಲ್ಲಿ ಬರ್ದಿರಲ್ಲ. ನಮ್ಮಲ್ಲಿ ನಿಲ್ಲಿಸೋ ತೀರ್ಮಾನ ನನ್ನದು ಅಂತ ಆಗಿತ್ತಲ್ಲ, ಅದಕ್ಕೆ ಬದಲಾಗಿ ಇವರು ಈ ಕೆಲಸ ನನಗೇ ಬಿಡ್ತಾರೆ ಅಂತ ಹೆದರಿದ್ದೆ. ಇವರೇ ಮಾಡಿದ್ರು, ಹದಿನೆಂಟೂ ದಿನ, ಮೂಗಿಗೆ ನನ್ನ ದುಪಟ್ಟಾ ಕಟ್ಕೊಂಡು. ಆ ದುಪಟ್ಟಾ ಡಾರ್ವಿನ್ನಲ್ಲೇ ಬಿಟ್ಟು ಬಂದೆ.